ಮನೆ ಸಿಕ್ಕಿದ ಮೇಲೂ ಅಳುವ ಮಗು

ರೋಮಾಪುರದವರಿಗೆ ಬರೆದ ಪತ್ರಿಕೆ 8ನೇ ಅಧ್ಯಾಯ, 15ನೇ ವಚನ ತೆಗೆದು ಬೆರಳಿಟ್ಟುಕೊಳ್ಳಿ. ಅದಕ್ಕೆ ಆಮೇಲೆ ಬರೋಣ. ಮೊದಲು ನಿಮಗೊಬ್ಬ ರೈತನ ಜೀವನ ಹೇಳ್ತೀನಿ.

ಅವರ ಹೆಸರು ಹ್ಯಾರಿ ಹೋಲ್ಟ್. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕ್ರೆಸ್ವೆಲ್ ಅಂತ ಒಂದು ಸಣ್ಣ ಊರು. ಅಲ್ಲಿ ಅವರಿಗೆ ಹೊಲ ಇತ್ತು, ಮರದ ವ್ಯಾಪಾರವೂ ಇತ್ತು. ಹೆಂಡತಿ ಬರ್ತಾ ನರ್ಸಿಂಗ್ ಓದಿದವರು. ಆರು ಜನ ಮಕ್ಕಳು. 1950ರಲ್ಲಿ ಹ್ಯಾರಿಗೆ ದೊಡ್ಡ ಹೃದಯಾಘಾತ ಆಯ್ತು. ಉಳಿದಿದ್ದೇ ಹೆಚ್ಚು. ಎದ್ದ ಮೇಲೆ ಅವರಿಗೆ ಒಂದೇ ಆಸೆ, ಮಿಕ್ಕ ಆಯುಸ್ಸು ಕರ್ತನ ಉಪಯೋಗಕ್ಕೆ ಬರಬೇಕು.

1954ರ ಡಿಸೆಂಬರ್‌ನಲ್ಲಿ ಇಡೀ ಕುಟುಂಬ ಪಕ್ಕದ ಯೂಜೀನ್ ನಗರದಲ್ಲಿ ಒಂದು ಫಿಲ್ಮ್ ನೋಡ್ತು. ವರ್ಲ್ಡ್ ವಿಷನ್ ಸಂಸ್ಥೆಯ ಬಾಬ್ ಪಿಯರ್ಸ್ ತೋರಿಸಿದ್ದು. ಕೊರಿಯಾ ಯುದ್ಧ ಮುಗಿದು ಒಂದೂವರೆ ವರ್ಷ ಆಗಿತ್ತು. ವಿದೇಶಿ ಸೈನಿಕರಿಗೆ ಕೊರಿಯಾದ ತಾಯಂದಿರಲ್ಲಿ ಹುಟ್ಟಿದ ಮಕ್ಕಳನ್ನು ಆ ಸಮಾಜ ತನ್ನವರು ಅಂತ ಒಪ್ಪುತ್ತಿರಲಿಲ್ಲ. ಹೋಲ್ಟ್ ಕುಟುಂಬ ಮೊದಲು ದುಡ್ಡು ಕಳಿಸ್ತು. ಆದ್ರೆ ದುಡ್ಡು ಕಳಿಸಿ ಸುಮ್ಮನಿರೋಕೆ ಅವರಿಂದ ಆಗಲಿಲ್ಲ. ಎಂಟು ಮಕ್ಕಳನ್ನು ದತ್ತು ತಗೊಳ್ಳೋಣ ಅಂತ ತೀರ್ಮಾನ ಮಾಡಿದರು. ಮನೇಲಿ ಆಗಲೇ ಆರು, ಮೇಲೆ ಎಂಟು!

ಆದರೆ ಆಗಿನ ಕಾನೂನಿನ ಪ್ರಕಾರ ಒಂದು ಕುಟುಂಬ ಇಬ್ಬರನ್ನು ಮಾತ್ರ ಹೊರದೇಶದಿಂದ ದತ್ತು ತರಬಹುದಿತ್ತು. ಎಂಟು ಮಕ್ಕಳಿಗೆ ಅಮೆರಿಕದ ಸಂಸತ್ತೇ ವಿಶೇಷ ಮಸೂದೆ ಪಾಸ್ ಮಾಡಬೇಕು. ಅದು ಪಾಸ್ ಆಗುವ ಮೊದಲೇ, 1955ರಲ್ಲಿ, ಹ್ಯಾರಿ ಕೊರಿಯಾಗೆ ಹೊರಟುಬಿಟ್ಟರು. ದಾರಿಯಲ್ಲಿ ಟೋಕಿಯೋದಲ್ಲಿ ಭಯ ಹಿಡೀತು. ನಾನು ಮಾಡ್ತಿರೋದು ಸರೀನಾ? ಬೈಬಲ್ ತೆರೆದಾಗ ಬೆರಳು ನಿಂತದ್ದು ಯೆಶಾಯ 43ರ 5ರ ಮೇಲೆ. ದೂರ ದಿಕ್ಕುಗಳಿಂದ ಮಕ್ಕಳನ್ನು ಕೂಡಿಸುವ ದೇವರ ವಾಗ್ದಾನ ಅದು. ಹಲ್ಲೆಲೂಯಾ! ಆ ಬೇಸಿಗೆಯಲ್ಲೇ ಮಸೂದೆಯೂ ಪಾಸ್ ಆಯ್ತು.

1955ರ ಅಕ್ಟೋಬರ್ 14. ಪೋರ್ಟ್‌ಲೆಂಡ್ ವಿಮಾನ ನಿಲ್ದಾಣ. ಹ್ಯಾರಿ ಹನ್ನೆರಡು ಮಕ್ಕಳ ಜೊತೆ ಇಳಿದರು. ಎಂಟು ತಮ್ಮವು, ನಾಲ್ಕು ಬೇರೆ ಕುಟುಂಬಗಳವು. ಕ್ಯಾಮೆರಾ ಹಿಡಿದು ಪತ್ರಿಕೆಯವರು ನಿಂತಿದ್ದರು. ಚೆಂದದ ಫೋಟೋ ಬಂತು. ಎಷ್ಟೋ ಜನ ಈ ಸಾಕ್ಷಿಯನ್ನು ಇಲ್ಲಿಗೇ ಮುಗಿಸ್ತಾರೆ. ಆದರೆ ಪ್ರಿಯರೇ, ಫೋಟೋ ತೆಗೆದವರು ಮನೆಗೆ ಹೋದ ಮೇಲೆ ರಾತ್ರಿ ಆಗುತ್ತೆ ಅಲ್ವಾ?

ಆ ಮಕ್ಕಳ ಕಡೆಯಿಂದ ಒಂದು ಸಲ ನೋಡಿ. ತಿಂಗಳುಗಟ್ಟಲೆ ಹ್ಯಾರಿ ಕಾಗದ ಬರೀತಿದ್ದರು, ಬರ್ತಾ ಕಾಯ್ತಿದ್ದರು. ತೋಳಿಗೆ ಬರುವ ಮೊದಲೇ ಅವು ಅವರ ಮನಸ್ಸಿನಲ್ಲಿ ಮಕ್ಕಳಾಗಿಬಿಟ್ಟಿದ್ದವು. ಆದರೆ ಮಕ್ಕಳಿಗೆ ಬರ್ತಾ ಯಾರು? ಒಬ್ಬ ಅಪರಿಚಿತ ಹೆಂಗಸು. ಕೊರಿಯಾದ ಮನೆಗಳಲ್ಲಿ ಬೆಚ್ಚಗಿನ ನೆಲದ ಮೇಲೆ ಹಾಸಿಕೊಂಡು ಮಲಗೋ ರೂಢಿ, ತಾಯಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗೋ ರೂಢಿ. ಇಲ್ಲಿ ಮಂಚ ಬೇರೆ, ಊಟ ಬೇರೆ, ವಾಸನೆ ಬೇರೆ, ಭಾಷೆ ಬೇರೆ. ಎಲ್ಲರೂ ಪ್ರೀತಿಯಿಂದ ಬರ್ತಾರೆ, ಆದರೆ ಒಂದು ಮುಖವೂ ಗೊತ್ತಿಲ್ಲ.

ದತ್ತು ಮಕ್ಕಳ ಜೊತೆ ಕೆಲಸ ಮಾಡುವವರು ಇವತ್ತು ಹೇಳೋದು ಏನು ಗೊತ್ತಾ? ಮೊದಲ ವಾರಗಳಲ್ಲಿ ನೆಂಟರಿಷ್ಟರನ್ನು ಕರೀಬೇಡಿ. ಉಣಿಸೋದು, ಎತ್ತಿಕೊಳ್ಳೋದು, ಮಲಗಿಸೋದು ಎಲ್ಲ ಅಪ್ಪ ಅಮ್ಮನ ಕೈಯಿಂದಲೇ ಆಗಲಿ. ಮಗು ತಂದ ಹಳೇ ಬಟ್ಟೆಯನ್ನು ಕೂಡಲೇ ಒಗೆಯಬೇಡಿ, ಅದರಲ್ಲಿ ಅದಕ್ಕೆ ಗೊತ್ತಿರುವ ವಾಸನೆ ಇದೆ. ಕೆಲವು ಮಕ್ಕಳು ರೊಟ್ಟಿ ಚೂರನ್ನು ದಿಂಬಿನ ಕೆಳಗೆ ಬಚ್ಚಿಡ್ತವೆ. ಕೆಲವು ಅಳೋದೇ ಇಲ್ಲ. ಅತ್ತರೂ ಯಾರೂ ಬರಲ್ಲ ಅಂತ ಕಲಿತುಬಿಟ್ಟಿರ್ತವೆ. ಅಂಥ ಮಗು ಒಂದು ರಾತ್ರಿ ಜೋರಾಗಿ ಅತ್ತರೆ ಅದು ಒಳ್ಳೇ ಸುದ್ದಿ. ಯಾರೋ ಬರ್ತಾರೆ ಅಂತ ಅದು ನಂಬೋಕೆ ಶುರುಮಾಡಿದೆ. ನೂರು ಸಲ ಅತ್ತು ನೂರು ಸಲವೂ ಅದೇ ಕೈ ಬಂದರೆ, ಆಗ ಮಗುವಿಗೆ ಇದು ನನ್ನ ಮನೆ ಅನಿಸುತ್ತೆ. ಕಾಗದದ ಮೇಲೆ ದತ್ತು ಒಂದೇ ದಿನದಲ್ಲಿ ಮುಗಿಯುತ್ತೆ. ಮಗುವಿನ ಹೃದಯದಲ್ಲಿ ಅದಕ್ಕೆ ಕಾಲ ಬೇಕು.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ದೀಕ್ಷಾಸ್ನಾನ ತಗೊಂಡ. ಒಂದು ತಿಂಗಳಾದ ಮೇಲೆ ಬಂದು, ಅಣ್ಣಾ, ಪಿಜಿ ರೂಮಲ್ಲಿ ರಾತ್ರಿ ಇನ್ನೂ ಭಯ ಆಗುತ್ತೆ, ಮನೆಯವರ ನೆನಪಾಗಿ ಅಳು ಬರುತ್ತೆ ಅಂದ. ನಾನು, ನಿನ್ನ ವಿಶ್ವಾಸ ಸಾಲದು, ಇನ್ನೂ ಪ್ರಾರ್ಥನೆ ಮಾಡು ಅಂತ ಹೇಳಿ ಕಳಿಸಿದೆ. ಅವನು ಆಮೇಲೆ ಬರಲೇ ಇಲ್ಲ. ಹೊಸ ಮನೆಗೆ ಬಂದ ಮಗು ಅತ್ತಾಗ ನಾನು ಎತ್ತಿಕೊಳ್ಳಲಿಲ್ಲ, ಗದರಿಸಿದೆ. ಕರ್ತನು ನನ್ನನ್ನು ಕ್ಷಮಿಸಲಿ.

ಹ್ಯಾರಿಯವರನ್ನೂ ನಾನು ದೇವದೂತ ಮಾಡಲ್ಲ. 1956ರಲ್ಲಿ ಅವರೂ ಬರ್ತಾ ಅವರೂ ಬೇರೆ ಕುಟುಂಬಗಳಿಗೆ ಮಕ್ಕಳನ್ನು ಸೇರಿಸುವ ಸಂಸ್ಥೆ ಶುರುಮಾಡಿದರು. ತಂದೆತಾಯಿ ಆಗೋರನ್ನು ಸರಿಯಾಗಿ ವಿಚಾರಿಸದೆ ಅವಸರ ಮಾಡ್ತಿದ್ದಾರೆ ಅಂತ ಸಮಾಜಸೇವಕರು ಆಗಲೇ ಆಕ್ಷೇಪಿಸಿದ್ದರು. ಮುಂದೆ ದಶಕಗಳ ಕಾಲ ಕೊರಿಯಾದಿಂದ ಹೊರಗೆ ಹೋದ ಎಷ್ಟೋ ದತ್ತು ಮಕ್ಕಳ ದಾಖಲೆಗಳಲ್ಲಿ ಸುಳ್ಳು ಸೇರಿತ್ತು ಅಂತ ದಕ್ಷಿಣ ಕೊರಿಯಾದ ಸತ್ಯ ಮತ್ತು ಸಮನ್ವಯ ಆಯೋಗ 2025ರಲ್ಲಿ ಹೇಳ್ತು. ಬೆಳೆದ ಮಕ್ಕಳು ಹೆತ್ತ ತಾಯಿಯನ್ನು ಹುಡುಕಿಕೊಂಡು ಹೋದರೆ ಅದು ಕೃತಘ್ನತೆ ಅಲ್ಲ. ಅವರು ಕಳಕೊಂಡದ್ದು ನಿಜ. ಪ್ರೀತಿ ಇದ್ದರೆ ಸಾಲದು, ಸತ್ಯವೂ ಬೇಕು.

ಆದರೆ ಆ ಕುಟುಂಬದ ಕೊನೆಯನ್ನೂ ನೋಡಿ. ಮಗಳು ಮಾಲಿ ನರ್ಸ್ ಆಗಿ ಕೊರಿಯಾಗೆ ಹೋದರು, 2019ರಲ್ಲಿ ತೀರಿಕೊಳ್ಳುವ ತನಕ ಅಂಗವಿಕಲ ಮಕ್ಕಳ ಜೊತೆ ಅಲ್ಲೇ ಬಾಳಿದರು. ಹ್ಯಾರಿ 1964ರ ಏಪ್ರಿಲ್‌ನಲ್ಲಿ ಕೊರಿಯಾದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಇಲ್ಸಾನ್ ಗುಡ್ಡದ ಮೇಲೆ ಅವರ ಸಮಾಧಿ ಇದೆ. ಬರ್ತಾ 2000ದಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನೂ ಅಲ್ಲೇ ಗಂಡನ ಪಕ್ಕ ಹೂಳಿದರು. ಮಕ್ಕಳನ್ನು ತಮ್ಮ ದೇಶಕ್ಕೆ ತಂದವರು ಕೊನೆಗೆ ಮಕ್ಕಳ ದೇಶದ ಮಣ್ಣಿನಲ್ಲಿ ಮಲಗಿದರು.

ಈಗ ಬೆರಳಿಟ್ಟ ವಚನಕ್ಕೆ ಬನ್ನಿ. ಭಯದ ಆತ್ಮ ಅಲ್ಲ, ಮಕ್ಕಳ ಸ್ಥಾನ ಕೊಡುವ ಆತ್ಮ ನಮಗೆ ಸಿಕ್ಕಿದೆ ಅಂತ ಪೌಲನು ಬರೀತಾನೆ. ಆ ಆತ್ಮದಿಂದ ನಾವು ದೇವರನ್ನು ಅಪ್ಪಾ ಅಂತ ಕೂಗ್ತೀವಿ. ಕೊರಿಯನ್ ಭಾಷೆಯಲ್ಲೂ ಮಕ್ಕಳು ತಂದೆಯನ್ನು ಅಪ್ಪಾ ಅಂತಾನೇ ಕರೀತಾರೆ, ನಮ್ಮ ಹಾಗೇ! ಪೌಲನು ಬಳಸಿದ ಮಾತು ಕೂಗೋದು. ಕತ್ತಲಲ್ಲಿ ಹೆದರಿದ ಮಗು ಕೂಗುತ್ತಲ್ಲ, ಹಾಗೆ.

ತಮ್ಮಾ, ತಂಗೀ, ರಕ್ಷಣೆ ಆದ ಮೇಲೂ ನಿನಗೆ ರಾತ್ರಿ ಅಳು ಬರುತ್ತಾ? ನೀನು ಮನೆಯವನಲ್ಲ, ಮನೆಯವಳಲ್ಲ ಅಂತ ಅದರ ಅರ್ಥ ಅಲ್ಲ. ಕೂಗು. ನೂರನೇ ಸಲವೂ ಅದೇ ಕೈ ಬರುತ್ತೆ. ಮತ್ತೆ ಈ ಸಭೆಗೆ ಮೊನ್ನೆ ಮೊನ್ನೆ ಬಂದವರು ನಿಮ್ಮ ಪಕ್ಕ ಕೂತಿದ್ದರೆ, ಅವರಿಗೆ ಬೋಧನೆ ಆಮೇಲೆ ಮಾಡಿ. ಮೊದಲು ಜೊತೆಗಿರಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಅಪ್ಪಾ, ನಮ್ಮ ಅಳುವನ್ನು ಕೇಳುವವನೇ, ನಿನಗೆ ಸ್ತೋತ್ರ. ಅಳುವವರನ್ನು ಎತ್ತಿಕೊಳ್ಳುವ ಕೈ ನಮಗೂ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.