ಮೈಸೂರಿನ ಬೆವರು, ಮದ್ರಾಸಿನ ಉಸಿರು: ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯ

ಕೋಣೆಯ ಉಷ್ಣಾಂಶವನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ತೊಂಬತ್ತು ನಿಮಿಷಗಳ ಕಾಲ ಇಪ್ಪತ್ತಾರು ಆಸನಗಳನ್ನು ಮಾಡಿಸುವ ಹಾಟ್ ಯೋಗ 1970ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ಅದನ್ನು ಹಬ್ಬಿಸಿದ ಬಿಕ್ರಮ್ ಚೌಧರಿ, ಕೋಲ್ಕತ್ತದ ಬಿಷ್ಣು ಚರಣ್ ಘೋಷ್ ಅವರ ಪರಂಪರೆಯವರು. ಆದರೆ ಅದಕ್ಕೂ ಸುಮಾರು ನಾಲ್ಕು ದಶಕ ಮೊದಲೇ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬಾಲಕರು ಯಾವ ಹೀಟರಿನ ನೆರವೂ ಇಲ್ಲದೆ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದರು. ಅಲ್ಲಿ ಕಾವು ಹುಟ್ಟುತ್ತಿದ್ದುದು ಉಸಿರಿನಿಂದ ಮತ್ತು ಚಲನೆಯಿಂದ. ಆ ಶಾಲೆಯ ಗುರುಗಳೇ ತಿರುಮಲೈ ಕೃಷ್ಣಮಾಚಾರ್ಯರು. ಇಂದು ಜಗತ್ತಿನಾದ್ಯಂತ ಪ್ರಚಲಿತವಿರುವ ಆಸನಾಭ್ಯಾಸದ ಬಹುಪಾಲು ಅವರ ಶಿಷ್ಯರ ಮೂಲಕವೇ ಹರಡಿದ್ದು.

ಕೃಷ್ಣಮಾಚಾರ್ಯರು 1888ರ ನವೆಂಬರ್ 18ರಂದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ, ವೈದಿಕ ಶ್ರೀವೈಷ್ಣವ ಕುಟುಂಬದಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರೇ ಮೊದಲ ಗುರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಳಿಕ ಕುಟುಂಬ ಮೈಸೂರಿಗೆ ಬಂದಿತು. ಪರಕಾಲ ಮಠದ ಆಶ್ರಯದಲ್ಲಿ ವೇದ, ವ್ಯಾಕರಣ, ತರ್ಕಗಳ ಅಧ್ಯಯನ ನಡೆಯಿತು. ಮುಂದೆ ಕಾಶಿಗೆ ತೆರಳಿ ದರ್ಶನಶಾಸ್ತ್ರಗಳನ್ನು ಅಭ್ಯಸಿಸಿದರು. ವಿದ್ವತ್ತಿನ ಬಲದಿಂದ ಯಾವುದಾದರೂ ಪಾಠಶಾಲೆಯಲ್ಲಿ ನೆಮ್ಮದಿಯ ಜೀವನ ನಡೆಸಬಹುದಾಗಿತ್ತು. ಅವರು ಆರಿಸಿಕೊಂಡದ್ದು ಬೇರೆಯದೇ ದಾರಿ.

ಮಾನಸ ಸರೋವರದ ಪರಿಸರದಲ್ಲಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗ ಕಲಿತುದಾಗಿ ಅವರು ಹೇಳಿಕೊಂಡಿದ್ದಾರೆ. ಈ ಘಟ್ಟಕ್ಕೆ ಅವರ ಮಾತಿನ ಹೊರತು ಬೇರೆ ದಾಖಲೆ ವಿರಳ. ಅಂಗಸಾಧನೆಯ ಅರಮನೆ ಪರಂಪರೆಯೂ ಅವರ ಆಸನಕ್ರಮವನ್ನು ರೂಪಿಸಿರಬೇಕೆಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಎರಡೂ ಕೂಡಿಯೇ ಅವರ ವಿದ್ಯೆ ಬೆಳೆಯಿತೆಂದು ಭಾವಿಸುವುದು ಹೆಚ್ಚು ಸಮಂಜಸ.

1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದ ನಂತರದ ದಿನಗಳು ಕಷ್ಟದವಾಗಿದ್ದವು. ಯೋಗ ಕಲಿಸಿ ಸಂಸಾರ ತೂಗಿಸುವುದು ಆ ಕಾಲದಲ್ಲಿ ಆಗುವ ಮಾತಾಗಿರಲಿಲ್ಲ. ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಅವರು ಕೆಲಸಕ್ಕೆ ಸೇರಿದರು. ಬಿಡುವಿನ ವೇಳೆಯಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳನ್ನು ನೀಡುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಅಂಥದೊಂದು ಪ್ರಾತ್ಯಕ್ಷಿಕೆಯನ್ನು ಕಂಡು ಬೆರಗಾದ ಹನ್ನೆರಡರ ಬಾಲಕ ಮಾರನೆಯ ದಿನವೇ ಶಿಷ್ಯನಾದ. ಆತನೇ ಮುಂದೆ ಅಷ್ಟಾಂಗ ವಿನ್ಯಾಸ ಯೋಗದ ಹೆಸರಿನಲ್ಲಿ ಮೈಸೂರನ್ನು ವಿಶ್ವದ ಯೋಗಾಸಕ್ತರ ಯಾತ್ರಾಸ್ಥಳವಾಗಿಸಿದ ಕೆ.ಪಟ್ಟಾಭಿ ಜೋಯಿಸ್.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತುದು ಅವರ ಬದುಕಿನ ತಿರುವು. ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪನ, ಬಳಿಕ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಸ್ವತಂತ್ರ ಯೋಗಶಾಲೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರಸು ಮನೆತನದ ಬಾಲಕರು. ಹುರುಪಿನವರು, ಒಂದೆಡೆ ಕೂರದವರು. ಅವರಿಗೆ ತಕ್ಕಂತೆ ಆಚಾರ್ಯರು ಆಸನಗಳನ್ನು ಒಂದರಿಂದೊಂದಕ್ಕೆ ಹೆಣೆದರು. ಪ್ರತಿ ಚಲನೆಗೂ ಒಂದು ಪೂರಕ ಅಥವಾ ರೇಚಕ, ನಡುನಡುವೆ ಬಂಧ, ದೃಷ್ಟಿ ಒಂದು ಬಿಂದುವಿನಲ್ಲಿ. ಇದೇ ವಿನ್ಯಾಸ ಕ್ರಮ. ಗಂಟಲಿನಲ್ಲಿ ಮೆಲ್ಲನೆ ಸದ್ದಾಗುವಂತೆ ಎಳೆದು ಬಿಡುವ ಉಜ್ಜಾಯಿ ಉಸಿರು ಮತ್ತು ಎಡೆಬಿಡದ ಸ್ನಾಯುಗಳ ದುಡಿಮೆ ಸೇರಿ ಮೈ ಬಿಸಿಯಾಗುತ್ತದೆ, ನಾಡಿ ಚುರುಕಾಗುತ್ತದೆ, ಬೆವರು ಇಳಿಯುತ್ತದೆ. ಎಣಿಕೆಯ ಮೇಲೆಯೇ ಗಮನವಿರುವುದರಿಂದ ಮನಸ್ಸು ಅತ್ತಿತ್ತ ಹರಿಯಲು ಅವಕಾಶ ಕಡಿಮೆ. 1934ರಲ್ಲಿ ಪ್ರಕಟವಾದ ‘ಯೋಗ ಮಕರಂದ’ ಹಾಗೂ 1941ರ ‘ಯೋಗಾಸನಗಳು’ ಎಂಬ ಕನ್ನಡ ಕೃತಿಗಳಲ್ಲಿ ಈ ಕ್ರಮವನ್ನು ಅವರು ದಾಖಲಿಸಿದರು. ವಿಶ್ವವೇ ಅನುಸರಿಸುತ್ತಿರುವ ಪದ್ಧತಿಯೊಂದರ ಮೂಲ ಪಠ್ಯ ಕನ್ನಡದಲ್ಲಿದೆಯೆಂಬುದು ನಮ್ಮವರಲ್ಲಿಯೇ ಅನೇಕರಿಗೆ ತಿಳಿಯದು.

ಹಾಗಾದರೆ ಕಾಯಿಸಿದ ಕೋಣೆಯ ಹೆಚ್ಚುಗಾರಿಕೆ ಏನು? ಅಮೆರಿಕದ ಟೆಕ್ಸಾಸ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ಅದೇ ಇಪ್ಪತ್ತಾರು ಆಸನಗಳನ್ನು ಹನ್ನೆರಡು ವಾರ ಒಂದು ಗುಂಪು ಬಿಸಿ ಕೋಣೆಯಲ್ಲಿ, ಇನ್ನೊಂದು ಸಾಮಾನ್ಯ ಉಷ್ಣಾಂಶದಲ್ಲಿ ಅಭ್ಯಾಸ ಮಾಡಿದಾಗ, ರಕ್ತನಾಳಗಳ ಹಿಗ್ಗುವ ಸಾಮರ್ಥ್ಯ ಎರಡರಲ್ಲಿಯೂ ಸುಧಾರಿಸಿತ್ತು. ಬಿಸಿಯ ವಿಶೇಷ ಕೊಡುಗೆ ಕಾಣಲಿಲ್ಲ. ಮನಸ್ಸಿನ ವಿಷಯದಲ್ಲಿ ಚಿತ್ರ ತುಸು ಬೇರೆ. ಬಾಸ್ಟನ್‌ನಲ್ಲಿ ಖಿನ್ನತೆಯುಳ್ಳವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರ ಬಿಸಿ ಕೋಣೆಯ ಯೋಗ ಮಾಡಿದವರ ಖಿನ್ನತೆ ಕಾಯುತ್ತ ಕುಳಿತವರಿಗಿಂತ ಗಣನೀಯವಾಗಿ ತಗ್ಗಿತ್ತು. ಆದರೆ ಅಲ್ಲಿ ಸಾಮಾನ್ಯ ಕೋಣೆಯ ಯೋಗದೊಡನೆ ಹೋಲಿಕೆ ಇರಲಿಲ್ಲವಾದ್ದರಿಂದ, ಲಾಭ ಕಾವಿನದೋ ಯೋಗದ್ದೋ ಎಂಬುದು ಇತ್ಯರ್ಥವಾಗಿಲ್ಲ. ಬಿಸಿಯಲ್ಲಿ ಸ್ನಾಯು ಸುಲಭವಾಗಿ ಬಾಗುವುದರಿಂದ ಮಿತಿ ಮೀರಿ ಎಳೆಯುವ ಅಪಾಯವೂ, ನೀರಿನಂಶ ನಷ್ಟವಾಗಿ ತಲೆಸುತ್ತುವ ಅಪಾಯವೂ ಉಂಟು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅಂಥ ಕೋಣೆಗೆ ಕಾಲಿಡದಿರುವುದೇ ಲೇಸು.

ಮಿತಿ ಮೀರುವ ವಿಷಯದಲ್ಲಿ ಮೈಸೂರಿನ ಗುರುಗಳೂ ಹೊರತಾಗಿರಲಿಲ್ಲ. ಅವರ ಶಿಸ್ತು ಕಠೋರ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಬಸವಳಿದಿದ್ದ ಬಾಲಕನೊಬ್ಬ 1934ರಲ್ಲಿ ಅಕ್ಕನ ಮನೆಯೆಂದು ಮೈಸೂರಿಗೆ ಬಂದ. ಅಕ್ಕನ ಪತಿಯೇ ಕೃಷ್ಣಮಾಚಾರ್ಯರು. ಪೂರ್ವಸಿದ್ಧತೆಯಿಲ್ಲದೆ ಹನುಮಾನಾಸನ ಮಾಡಿಸಿದ್ದರಿಂದ ತೊಡೆಯ ಸ್ನಾಯು ಹರಿದು ಬಹುಕಾಲ ನರಳಿದುದನ್ನು ಆ ಬಾಲಕ, ಅಂದರೆ ಬಿ.ಕೆ.ಎಸ್.ಅಯ್ಯಂಗಾರ್, ಮುಂದೆ ನೆನೆದಿದ್ದಾರೆ. ಆದರೂ ರೋಗಿಷ್ಠನಾಗಿದ್ದ ಹುಡುಗನ ದೇಹವನ್ನು ಕಟ್ಟಿದ್ದು ಆ ನಿತ್ಯಾಭ್ಯಾಸವೇ. ಅಯ್ಯಂಗಾರ್ 95 ವರ್ಷ ಬಾಳಿ 2014ರಲ್ಲಿ ತೀರಿಕೊಂಡರು.

ಮಹಾರಾಜರ ಇಚ್ಛೆಯಂತೆ ಊರೂರು ಸುತ್ತಿ ಯೋಗವನ್ನು ಪ್ರಚಾರ ಮಾಡಿದ ದಿನಗಳಲ್ಲಿ ಆಚಾರ್ಯರು ನಾಡಿಬಡಿತ ನಿಲ್ಲಿಸುವ, ಬರಿಗೈಯಲ್ಲಿ ಕಾರು ತಡೆಯುವ ಪವಾಡಸದೃಶ ಪ್ರದರ್ಶನಗಳನ್ನೂ ನೀಡಿದರು. 1930ರ ದಶಕದಲ್ಲಿ ಫ್ರಾನ್ಸಿನ ಹೃದ್ರೋಗತಜ್ಞೆ ತೆರೇಸ್ ಬ್ರಾಸ್ ಅವರನ್ನು ಉಪಕರಣಗಳಿಂದ ಪರೀಕ್ಷಿಸಿದರು. ಯೋಗಿಗಳ ಇಂಥ ಸಾಮರ್ಥ್ಯದ ಬಗ್ಗೆ ವೆಂಗರ್, ಬಾಗ್ಚಿ ಮತ್ತು ಆನಂದ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಮಾಯೆಯನ್ನು ಬಿಡಿಸಿತು. ಉಸಿರು ಬಿಗಿಹಿಡಿದು ಎದೆಯ ಸ್ನಾಯುಗಳನ್ನು ಒತ್ತಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ ನಾಡಿ ಕೈಗೆ ಸಿಗದಂತಾಗುತ್ತದೆ, ಹೃದಯ ಮಾತ್ರ ದುಡಿಯುತ್ತಲೇ ಇರುತ್ತದೆ. ಆಚಾರ್ಯರಿಗೂ ಈ ಕಸರತ್ತಿನ ಮೋಹ ಉಳಿಯಲಿಲ್ಲ.

1937ರಲ್ಲಿ ಇನ್ನೊಂದು ಗೋಡೆ ಕುಸಿಯಿತು. ರಿಗಾದಲ್ಲಿ ಜನಿಸಿದ, ರಾಜತಾಂತ್ರಿಕರೊಬ್ಬರ ಪತ್ನಿಯಾಗಿದ್ದ ಇಂದ್ರಾ ದೇವಿ ಕಲಿಯಲು ಬಂದಾಗ ಆಚಾರ್ಯರು ಮೊದಲು ನಿರಾಕರಿಸಿದ್ದರು. ಮಹಾರಾಜರ ಒತ್ತಾಸೆಯಿಂದ ಒಪ್ಪಿದರು. ಆಕೆ 1947ರಲ್ಲಿ ಹಾಲಿವುಡ್‌ನಲ್ಲಿ ಯೋಗ ಶಾಲೆ ತೆರೆದರು.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಶಾಲೆಯ ಕಳೆ ಕುಂದಿತು. ಸ್ವಾತಂತ್ರ್ಯಾನಂತರ ಅರಮನೆಯ ಬೆಂಬಲವೂ ಇಲ್ಲದಾಗಿ 1950ರಲ್ಲಿ ಬಾಗಿಲು ಮುಚ್ಚಿತು. ಅರವತ್ತು ದಾಟಿದ ಗುರು ಮತ್ತೆ ಮೊದಲಿನಿಂದ ಬದುಕು ಕಟ್ಟಬೇಕಾಯಿತು. ಪಾರ್ಶ್ವವಾಯುವಿಗೆ ತುತ್ತಾಗಿದ್ದ ಹೆಸರಾಂತ ವಕೀಲರೊಬ್ಬರ ಚಿಕಿತ್ಸೆಗೆಂದು ಕರೆ ಬಂದು, 1952ರಲ್ಲಿ ಮದ್ರಾಸಿಗೆ ತೆರಳಿ ಅಲ್ಲಿಯೇ ನೆಲೆಸಿದರು.

ಮದ್ರಾಸಿನ ಕೃಷ್ಣಮಾಚಾರ್ಯರು ಬೇರೊಬ್ಬ ವ್ಯಕ್ತಿಯೇ ಎನ್ನುವಷ್ಟು ಬದಲಾಗಿದ್ದರು. ಅಲ್ಲಿ ಬಾಲಕರ ದಂಡಿರಲಿಲ್ಲ. ಬಂದವರು ಮಧುಮೇಹಿಗಳು, ಗೂರಲು ರೋಗಿಗಳು, ಬೆನ್ನುನೋವಿನವರು, ನಿದ್ರೆ ಬಾರದವರು. ಒಬ್ಬೊಬ್ಬರನ್ನೇ ಕೂರಿಸಿ ನಾಡಿ ನೋಡಿ, ವಯಸ್ಸು, ವೃತ್ತಿ, ಆಹಾರ ವಿಚಾರಿಸಿ ಅವರಿಗೆಂದೇ ಅಭ್ಯಾಸ ರೂಪಿಸುತ್ತಿದ್ದರು. ಒಬ್ಬರಿಗೆ ಕೈ ಎತ್ತಿ ಇಳಿಸುವುದಷ್ಟೇ, ಮತ್ತೊಬ್ಬರಿಗೆ ದೀರ್ಘ ರೇಚಕ. ಮೈಸೂರಿನ ಬೆವರಿನಿಂದ ಅವರು ಉಳಿಸಿಕೊಂಡದ್ದು ಎರಡು: ಉಸಿರಿನೊಡನೆ ಬೆಸೆದ ಚಲನೆ ಮತ್ತು ದಿನ ತಪ್ಪದ ಅಭ್ಯಾಸ. ಈ ಎರಡನೆಯ ಕೃಷ್ಣಮಾಚಾರ್ಯರೇ ಹೆಚ್ಚು ದೊಡ್ಡವರೆಂದು ಈ ಲೇಖಕನಿಗೆ ತೋರುತ್ತದೆ. ಪುತ್ರ ಟಿ.ಕೆ.ವಿ.ದೇಶಿಕಾಚಾರ್ 1976ರಲ್ಲಿ ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗ ಮಂದಿರ ಈ ಪದ್ಧತಿಯನ್ನೇ ಮುಂದುವರಿಸಿತು.

96ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಅವರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವನ್ನು ತಮಗೆಂದು ತಾವೇ ರೂಪಿಸಿಕೊಂಡರು. ನೂರು ತುಂಬಿದ ಮೂರು ತಿಂಗಳ ನಂತರ, 1989ರ ಫೆಬ್ರವರಿ 28ರಂದು, ಮದ್ರಾಸಿನಲ್ಲಿ ಕೊನೆಯುಸಿರೆಳೆದರು.