ಜೂಲ್ಸ್ ವರ್ನ್ ಕಾದಂಬರಿಯಲ್ಲಿ ತಪ್ಪು ಹುಡುಕಿದ ಮೇಷ್ಟ್ರು

ಸೆಪ್ಟೆಂಬರ್ 15 ನಮಗೆಲ್ಲ ಗೊತ್ತು. ಇಂಜಿನಿಯರ್ಸ್ ಡೇ. ಮುದ್ದೇನಹಳ್ಳಿಯಲ್ಲಿ ಸರ್ ಎಂ.ವಿ. ಅವರ ಪ್ರತಿಮೆಗೆ ಹಾರ, ಕಾಲೇಜಿನಲ್ಲಿ ಭಾಷಣ, ಮಧ್ಯಾಹ್ನದ ಮೇಲೆ ಕ್ಲಾಸಿಲ್ಲ. ಅದಾಗಿ ಎರಡೇ ದಿನಕ್ಕೆ, 17ನೇ ತಾರೀಖು, ಇನ್ನೊಬ್ಬರ ಹುಟ್ಟುಹಬ್ಬ ಬರುತ್ತೆ. ಅವತ್ತು ಯಾರೂ ಹಾರ ಹಾಕಲ್ಲ, ಲ್ಯಾಬೂ ಎಂದಿನಂತೆ ನಡೆಯುತ್ತೆ. ಆದರೆ ಶ್ರೀಹರಿಕೋಟಾದಿಂದ ಒಂದೊಂದು ರಾಕೆಟ್ ಏಳುವಾಗಲೂ ಆ ಮನುಷ್ಯನ ಲೆಕ್ಕ ಕೆಲಸ ಮಾಡ್ತಾ ಇರುತ್ತೆ. ಹೆಸರು ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿ. ನಾಲಿಗೆ ಹೊರಳದಿದ್ದರೆ ಬೇಸರ ಬೇಡ, ನಾನು ಮೇಷ್ಟ್ರು ಅಂತಲೇ ಕರೀತೀನಿ. ಹೊಟ್ಟೆಪಾಡಿಗೆ ಅವರು ಮಾಡಿದ್ದೂ ಅದೇ ಕೆಲಸ.

ನನಗೆ ಇವರ ಮೇಲೆ ಆಸಕ್ತಿ ಹುಟ್ಟಿದ್ದು ಫಾರ್ಮುಲಾದಿಂದಲ್ಲ, ಒಂದು ಕಾದಂಬರಿಯಿಂದ. ಹಾಸ್ಟೆಲ್‌ನಲ್ಲಿ ಸ್ಪೇಸ್ ಸಿನಿಮಾ ನೋಡಿದ ಮೇಲೆ ಲಾಜಿಕ್ಕೇ ಇಲ್ಲ ಮಗಾ ಅಂತ ಎದ್ದು ಊಟಕ್ಕೆ ಹೋಗ್ತೀವಲ್ಲ, ಮೇಷ್ಟ್ರು ಹಾಗೆ ಎದ್ದು ಹೋಗಲಿಲ್ಲ. ಲಾಜಿಕ್ ಎಲ್ಲಿ ಕೆಟ್ಟಿದೆ ಅಂತ ಕೂತು ಲೆಕ್ಕ ಹಾಕಿದರು. ಆ ಲೆಕ್ಕ ಮುಗಿಯೋಕೆ ಇಪ್ಪತ್ತು ವರ್ಷದ ಮೇಲಾಯಿತು.

1857ರಲ್ಲಿ ರಷ್ಯಾದ ರ್ಯಾಜಾನ್ ಪ್ರಾಂತ್ಯದ ಇಜೆವ್‌ಸ್ಕೊಯೆ ಅನ್ನೋ ಹಳ್ಳಿಯಲ್ಲಿ ಹುಟ್ಟಿದರು. ಅಪ್ಪ ಅರಣ್ಯ ಇಲಾಖೆಯ ನೌಕರ. ಹತ್ತನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಹೋಯಿತು. ಪೂರ್ತಿ ಹೋಗದಿದ್ದರೂ, ಶಾಲೆಯಲ್ಲಿ ಮೇಷ್ಟ್ರು ಹೇಳೋದು ಗೊಣಗಿದ ಹಾಗೆ ಕೇಳುವಷ್ಟರ ಮಟ್ಟಿಗೆ. 13ನೇ ವಯಸ್ಸಿಗೆ ತಾಯಿಯನ್ನೂ ಕಳೆದುಕೊಂಡರು. ಶಾಲೆ ಅರ್ಧಕ್ಕೇ ನಿಂತಿತು. ಆಮೇಲೆ ಯಾವ ಕಾಲೇಜಿನ ಮೆಟ್ಟಿಲನ್ನೂ ಅವರು ಹತ್ತಲಿಲ್ಲ.

16ನೇ ವಯಸ್ಸಿಗೆ ಅಪ್ಪ ಅವರನ್ನು ಮಾಸ್ಕೋಗೆ ಕಳಿಸಿದರು. ಮೂರು ವರ್ಷ ಅಲ್ಲಿನ ಸಾರ್ವಜನಿಕ ಗ್ರಂಥಾಲಯವೇ ಅವರ ಕಾಲೇಜು. ಮನೆಯಿಂದ ಬರುತ್ತಿದ್ದ ಅಲ್ಪ ದುಡ್ಡನ್ನು ಪುಸ್ತಕಕ್ಕೆ, ಪ್ರಯೋಗಕ್ಕೆ ಬೇಕಾದ ರಾಸಾಯನಿಕಗಳಿಗೆ ಸುರಿದು, ಕಪ್ಪು ಬ್ರೆಡ್ಡು ನೀರಿನಲ್ಲಿ ದಿನ ದೂಡಿದರು. ಗ್ರಂಥಪಾಲಕ ನಿಕೊಲಾಯ್ ಫ್ಯೊಡೊರೊವ್ ಈ ಕಿವಿ ಕೇಳದ ಹುಡುಗನ ಕೈಗೆ ಪುಸ್ತಕಗಳನ್ನು ಕೊಡುತ್ತಾ ಹೋದರು. ಕ್ಯಾಲ್ಕುಲಸ್, ಮೆಕ್ಯಾನಿಕ್ಸ್, ಖಗೋಳ ಎಲ್ಲ ಹೀಗೇ ಒಬ್ಬರೇ ಕೂತು ಕಲಿತದ್ದು. ಹುಡುಗ ತೀರಾ ಬಡಕಲಾಗಿದ್ದಾನೆ ಅಂತ ಗೊತ್ತಾಗಿ ಅಪ್ಪ ವಾಪಸ್ ಕರೆಸಿಕೊಂಡರು.

ಈಗ ಆ ಕಾದಂಬರಿಗೆ ಬರೋಣ. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಭೂಮಿಯಿಂದ ಚಂದ್ರನಿಗೆ ಹೋಗುವ ಕಥೆ ಬರೆದರು, ಕೆಲವು ವರ್ಷ ಬಿಟ್ಟು ಅದರ ಎರಡನೇ ಭಾಗವೂ ಬಂತು. ಅಮೆರಿಕದ ಫಿರಂಗಿ ಪ್ರಿಯರ ಕ್ಲಬ್ಬೊಂದು ಫ್ಲೋರಿಡಾದ ನೆಲದಲ್ಲಿ 900 ಅಡಿ ಉದ್ದದ ಫಿರಂಗಿ ಎರಕ ಹೊಯ್ದು, ಮೂರು ಜನರನ್ನು ಗುಂಡಿನೊಳಗೆ ಕೂರಿಸಿ ಚಂದ್ರನ ಕಡೆ ಹಾರಿಸುತ್ತೆ. ಯುರೋಪೆಲ್ಲ ಓದಿ ಕುಣಿದಾಡಿತು. ನಮ್ಮ ಮೇಷ್ಟ್ರೂ ಓದಿ ಮರುಳಾದರು. ಬಾಹ್ಯಾಕಾಶದ ಯೋಚನೆಯ ಬೀಜ ತನ್ನ ತಲೆಗೆ ಬಿದ್ದದ್ದು ವರ್ನ್ ಅವರಿಂದಲೇ ಅಂತ ಮುಂದೆ ತಾವೇ ಬರೆದುಕೊಂಡಿದ್ದಾರೆ. ಮೆಚ್ಚಿದ ಮೇಲೆ ಪರೀಕ್ಷೆ ಶುರು ಮಾಡಿದರು.

ಮೊದಲನೆಯ ತಕರಾರು ಫಿರಂಗಿಯದು. ನಾವೂ ಫಸ್ಟ್ ಸೆಮ್ ಫಿಸಿಕ್ಸ್‌ನಲ್ಲೇ ನೋಡಬಹುದು. ಭೂಮಿಯ ಹಿಡಿತ ಬಿಡಿಸಿಕೊಳ್ಳೋಕೆ ಸೆಕೆಂಡಿಗೆ ಸುಮಾರು 11 ಕಿ.ಮೀ. ವೇಗ ಬೇಕು. ಕಾದಂಬರಿಯಲ್ಲಿ ಆ ವೇಗವೆಲ್ಲ 900 ಅಡಿ, ಅಂದ್ರೆ ಸುಮಾರು 270 ಮೀಟರ್ ಕೊಳವೆಯೊಳಗೇ ಬರಬೇಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ ನೋಡಿ, ವೇಗೋತ್ಕರ್ಷ ಗುರುತ್ವದ 22,000 ಪಟ್ಟನ್ನೂ ದಾಟುತ್ತೆ. 60 ಕೆ.ಜಿ. ತೂಗುವ ನಮ್ಮ ಗೆಳೆಯ ಆ ಕ್ಷಣಕ್ಕೆ 1,300 ಟನ್ ತೂಗ್ತಾನೆ. ವರ್ನ್ ಪ್ರಯಾಣಿಕರ ಕಾಲ ಕೆಳಗೆ ನೀರಿನ ಮೆತ್ತೆ ಇಟ್ಟು ಸಮಾಧಾನ ಮಾಡಿದ್ದರು. ಅಷ್ಟು ಒತ್ತಡಕ್ಕೆ ಅದು ಯಾವ ಮೂಲೆಗೆ ಸಾಕು?

ಆದರೆ ಮೇಷ್ಟ್ರು ಆ ನೀರಿನ ಮೆತ್ತೆಯನ್ನೂ ನಕ್ಕು ಬಿಡಲಿಲ್ಲ. ಒಂದು ಲೋಟದಲ್ಲಿ ಉಪ್ಪುನೀರು ತುಂಬಿ, ಮೊಟ್ಟೆ ಅದರ ನಡುವೆ ತೇಲುವ ಹಾಗೆ ಹದ ಮಾಡಿ, ಲೋಟವನ್ನು ಮೇಜಿಗೆ ಕುಟ್ಟಿ ನೋಡಿದರು. ಮೊಟ್ಟೆ ಒಡೆಯಲಿಲ್ಲ. ತನ್ನಷ್ಟೇ ಸಾಂದ್ರತೆಯ ದ್ರವದಲ್ಲಿ ಮುಳುಗಿದ್ದರೆ ಮೃದುವಾದ ವಸ್ತುವೂ ದೊಡ್ಡ ಹೊಡೆತ ತಡೆಯುತ್ತೆ ಅಂತ ಬರೆದರು. ಅಷ್ಟಕ್ಕೇ ನಿಲ್ಲದೆ ಗರಗರ ತಿರುಗುವ ಯಂತ್ರ ಮಾಡಿ ಜಿರಳೆಗಳನ್ನೂ ಕೋಳಿಮರಿಗಳನ್ನೂ ಅದರಲ್ಲಿಟ್ಟು ತಿರುಗಿಸಿದರು. ಜಿರಳೆಗೆ ಏನೂ ಆಗಲಿಲ್ಲವಂತೆ. ನಮ್ಮ ಹಾಸ್ಟೆಲ್ ಮೆಸ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ತಕರಾರು ಇನ್ನೂ ಸೂಕ್ಷ್ಮ, ನನಗೆ ಬಹಳ ಇಷ್ಟವಾದದ್ದು. ವರ್ನ್ ಕಥೆಯಲ್ಲಿ ಪ್ರಯಾಣಿಕರು ದಾರಿಯುದ್ದಕ್ಕೂ ಗುಂಡಿನೊಳಗೆ ನೆಲದ ಮೇಲೆ ನಡೆದಾಡ್ತಾರೆ. ಭೂಮಿ ಮತ್ತು ಚಂದ್ರನ ಸೆಳೆತ ಸಮ ಆಗುವ ಒಂದೇ ಜಾಗದಲ್ಲಿ ಮಾತ್ರ ತೂಕ ಕಳೆದುಕೊಂಡು ತೇಲ್ತಾರೆ. ಇದು ತಪ್ಪು. ಫಿರಂಗಿ ಬಿಟ್ಟು, ಗಾಳಿ ದಾಟಿದ ಮೇಲೆ ಗುಂಡೂ ಒಳಗಿನವರೂ ಒಂದೇ ಸಮ ಬೀಳುತ್ತಿರುವುದರಿಂದ ದಾರಿಯುದ್ದಕ್ಕೂ ತೂಕವಿಲ್ಲ. ತಮಾಷೆ ಏನು ಗೊತ್ತಾ, ಅದೇ ಪುಸ್ತಕದಲ್ಲಿ ಸತ್ತ ನಾಯಿಯೊಂದನ್ನು ಕಿಟಕಿಯಿಂದ ಹೊರಗೆ ಹಾಕ್ತಾರೆ, ಅದು ಹಿಂದೆ ಬೀಳದೆ ಗುಂಡಿನ ಪಕ್ಕದಲ್ಲೇ ಬರ್ತಾ ಇರುತ್ತೆ. ಅದು ಸರಿ! ನಾಯಿಗೆ ಅನ್ವಯಿಸಿದ ನಿಯಮವನ್ನೇ ಒಳಗೆ ಕೂತ ಮನುಷ್ಯರಿಗೆ ಅನ್ವಯಿಸೋಕೆ ವರ್ನ್ ಮರೆತರು. ಮೇಷ್ಟ್ರು 1883ರಲ್ಲೇ ಒಂದು ಕೈಬರಹದಲ್ಲಿ ತೂಕವಿಲ್ಲದ ಜಾಗದಲ್ಲಿ ವಸ್ತುಗಳು, ಮನುಷ್ಯರು ಹೇಗೆ ಚಲಿಸ್ತಾರೆ ಅನ್ನೋದನ್ನು ದಿನಚರಿಯ ಹಾಗೆ ಸರಿಯಾಗಿ ವಿವರಿಸಿದ್ದರು. ಬಾಹ್ಯಾಕಾಶಕ್ಕೆ ಯಾರೂ ಹೋಗಿರಲಿಲ್ಲ, ವಿಮಾನ ಕೂಡ ಇರಲಿಲ್ಲ.

ಹೊತ್ತಿಗೆ ಅವರು ಬೊರೊವ್‌ಸ್ಕ್ ಅನ್ನೋ ಸಣ್ಣ ಊರಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಮಂಡಿಕಲ್ ಇದೆಯಲ್ಲ, ಅಲ್ಲಿಗೆ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಸಂಜೆ ಮನೆಯಲ್ಲಿ ರಾಕೆಟ್ ಲೆಕ್ಕ ಮಾಡ್ತಾ ಕೂತಿದ್ದಾರೆ ಅಂದುಕೊಳ್ಳಿ, ಊರವರು ಏನಂದಾರು? ಬೊರೊವ್‌ಸ್ಕ್‌ನವರೂ ಅದನ್ನೇ ಅಂದರು. ಸಣ್ಣ ಊರಿನ ದೊಡ್ಡ ಕಷ್ಟ ಆಡಿಕೊಳ್ಳುವವರದ್ದಲ್ಲ, ಹೊಸದು ಏನು ನಡೆದಿದೆ ಅಂತ ತಿಳಿಯದಿರುವುದು. ಅನಿಲಗಳ ಅಣುಚಲನೆಯ ಸಿದ್ಧಾಂತವನ್ನು ತಾವೇ ಕಂಡುಹಿಡಿದೆ ಅಂತ ಸಂಭ್ರಮದಿಂದ ರಾಜಧಾನಿಯ ವಿಜ್ಞಾನ ಸಂಘಕ್ಕೆ ಕಳಿಸಿದರು. ಇದು ಎಷ್ಟೋ ವರ್ಷದ ಹಿಂದೆಯೇ ಆಗಿಹೋಗಿದೆ ಅಂತ ಉತ್ತರ ಬಂತು. ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ದಿನ ನಮ್ಮ ಐಡಿಯಾ ಇಂಟರ್‌ನೆಟ್ಟಲ್ಲಿ ಸಿಕ್ಕಿದರೆ ಎದೆ ಧಸಕ್ ಅನ್ನುತ್ತಲ್ಲ, ಹಾಗೆ. ಅವರು ಮಾತ್ರ ಲೆಕ್ಕ ನಿಲ್ಲಿಸಲಿಲ್ಲ.

1892ರಲ್ಲಿ ಕಲೂಗ ಪಟ್ಟಣಕ್ಕೆ ಬಂದರು. ಅಲ್ಲಿ ಮನೆಯಲ್ಲೇ ವಿಂಡ್ ಟನಲ್ ಕಟ್ಟಿದರು. ತಗಡಿನಲ್ಲಿ ಉದ್ದುದ್ದ ಕೊಳವೆ ಮಾಡಿಕೊಂಡು ಕಿವಿಗಿಟ್ಟು ಮಕ್ಕಳ ಮಾತು ಕೇಳುತ್ತಿದ್ದರು. ಫಿರಂಗಿ ಆಗದಿದ್ದರೆ ಇನ್ನೇನು ಅನ್ನೋ ಪ್ರಶ್ನೆಗೆ 1897ರಲ್ಲಿ ಉತ್ತರ ಸಿಕ್ಕಿತು. ರಾಕೆಟ್. ಅದು ನಿಧಾನವಾಗಿ ವೇಗ ಹಿಡಿಯುತ್ತೆ, ಒಳಗಿನವರು ಬದುಕ್ತಾರೆ, ತಳ್ಳೋಕೆ ಗಾಳಿಯೂ ಬೇಕಿಲ್ಲ. ಎಷ್ಟು ಇಂಧನಕ್ಕೆ ಎಷ್ಟು ವೇಗ ಅನ್ನೋದೇ ಅವರ ಸಮೀಕರಣ: ಸಿಗುವ ವೇಗ ಅಂದ್ರೆ ಅನಿಲ ಹೊರಬೀಳುವ ವೇಗ ಗುಣಿಸು, ಹೊರಡುವಾಗಿನ ತೂಕ ಮತ್ತು ಉಳಿದ ತೂಕದ ಅನುಪಾತದ ಲಾಗ್. ಅನಿಲ ಸೆಕೆಂಡಿಗೆ 4 ಕಿ.ಮೀ. ವೇಗದಲ್ಲಿ ಹೊರಬೀಳುತ್ತೆ ಅಂತಿಟ್ಟುಕೊಳ್ಳಿ. ರಾಕೆಟ್ಟಿಗೆ 8 ಕಿ.ಮೀ. ವೇಗ ಬೇಕಾದರೆ ಹೊರಟ ಸುಮಾರು 7.4 ಟನ್ನಿನಲ್ಲಿ 1 ಟನ್ ಮಾತ್ರ ಉಳಿಯುತ್ತೆ. 12 ಕಿ.ಮೀ. ಬೇಕಾದರೆ 20 ಟನ್ನಿಗೆ 1 ಟನ್. ಗಾಳಿಯ ತಡೆ, ಗುರುತ್ವದ ನಷ್ಟ ಇನ್ನೂ ಸೇರಿಸಿಲ್ಲ. ಬಾಹ್ಯಾಕಾಶ ಯಾಕೆ ದುಬಾರಿ ಅನ್ನೋದು ಆ ಒಂದು ಲಾಗ್‌ನಲ್ಲಿದೆ.

ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಇಂಥದ್ದೇ ಲೆಕ್ಕವನ್ನು ಇಂಗ್ಲೆಂಡಿನ ವಿಲಿಯಂ ಮೂರ್ 19ನೇ ಶತಮಾನದ ಆರಂಭದಲ್ಲೇ ಯುದ್ಧದ ರಾಕೆಟ್ಟಿಗಾಗಿ ಮಾಡಿದ್ದರು. ಇಂಗ್ಲಿಷರಿಗೆ ಆ ರಾಕೆಟ್ ಹುಚ್ಚು ಹತ್ತಿದ್ದು ಎಲ್ಲಿಂದ? ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಮೈಸೂರು ರಾಕೆಟ್ಟುಗಳಿಂದ. ಅದನ್ನು ಹಾರಿಸಿದ ಟಿಪ್ಪು ಹುಟ್ಟಿದ್ದು ನಮ್ಮ ಪಕ್ಕದ ದೇವನಹಳ್ಳಿಯಲ್ಲಿ. ಆದರೆ ಆ ಲೆಕ್ಕವನ್ನು ಆಕಾಶದ ಕಡೆ ತಿರುಗಿಸಿದ್ದು, ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕ ಉರಿಸಿ ಅಂತ ಹೇಳಿದ್ದು ಕಲೂಗದ ಮೇಷ್ಟ್ರು. ಇವತ್ತು ಇಸ್ರೋದ ಕ್ರಯೋಜೆನಿಕ್ ಎಂಜಿನ್ ಉರಿಸೋದೂ ಅದನ್ನೇ.

1903ರಲ್ಲಿ ಈ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಓದುಗರ ಅಭಿಪ್ರಾಯ? ಇಲ್ಲ. ಸಂಪಾದಕ ಫಿಲಿಪ್ಪೊವ್ ಅದೇ ವರ್ಷ ತಮ್ಮ ಪ್ರಯೋಗಾಲಯದಲ್ಲೇ ಸತ್ತರು, ಪತ್ರಿಕೆ ನಿಂತಿತು, ಸಂಚಿಕೆ ಹೆಚ್ಚು ಜನರ ಕೈಗೆ ಹೋಗಲೇ ಇಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡಿದ್ದ. 1908ರಲ್ಲಿ ಓಕಾ ನದಿಯ ಪ್ರವಾಹ ಮನೆಗೆ ನುಗ್ಗಿ ಕಾಗದಪತ್ರ ಹಾಳು ಮಾಡಿತು. ಒಂದಾದ ಮೇಲೊಂದು. ಇವರ ಬದುಕನ್ನು ಓದುವಾಗ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸಿದ್ದು ಇಲ್ಲೇ.

ತಾವೇ ಒಂದು ಕಾದಂಬರಿ ಬರೆದರು. 1896ರ ಸುಮಾರಿಗೆ ಶುರು ಮಾಡಿ, ಎಷ್ಟೋ ವರ್ಷ ಬಿಟ್ಟು, ಪೂರ್ತಿ ಅಚ್ಚಾಗಿದ್ದು 1920ರಲ್ಲಿ. ಭೂಮಿಯಾಚೆ ಅನ್ನೋ ಅರ್ಥದ ಹೆಸರು. ಕಥೆ ನಡೆಯೋದು ಎಲ್ಲಿ ಗೊತ್ತಾ? ಹಿಮಾಲಯದ ಒಂದು ಕೋಟೆಯಲ್ಲಿ, 2017ನೇ ಇಸವಿಯಲ್ಲಿ. ನ್ಯೂಟನ್, ಗೆಲಿಲಿಯೋ, ಲಾಪ್ಲಾಸ್ ಅನ್ನೋ ಹೆಸರಿನ ಪಾತ್ರಗಳು, ಜೊತೆಗೆ ಇವಾನೊವ್ ಅನ್ನೋ ರಷ್ಯನ್, ಎಲ್ಲ ಸೇರಿ ರಾಕೆಟ್ ಕಟ್ತಾರೆ, ಭೂಮಿ ಸುತ್ತ ತಿರುಗ್ತಾ ಬೆಳೆ ಬೆಳೆಯುವ ಗಾಜಿನ ಮನೆ ಮಾಡ್ತಾರೆ, ಚಂದ್ರನ ಮೇಲೆ ಇಳೀತಾರೆ. ಕಾದಂಬರಿಯಾಗಿ ನನ್ನ ಅಭಿಪ್ರಾಯ ಕೇಳಿದರೆ ಸುಮಾರು. ಪಾತ್ರಗಳು ಮಾತಾಡಲ್ಲ, ಲೆಕ್ಚರ್ ಕೊಡ್ತವೆ. ವರ್ನ್ ಅವರ ಹಾಸ್ಯ, ಜಗಳ, ಬಾಜಿ ಯಾವುದೂ ಇಲ್ಲಿಲ್ಲ. ಆದರೆ ತಪ್ಪು ಹುಡುಕೋಕೆ ಹೋದರೆ ಕಷ್ಟ. ನಿಜವಾದ 2017ರಲ್ಲಿ ಹಿಮಾಲಯದಿಂದ ಏನೂ ಹಾರಲಿಲ್ಲ, ಫೆಬ್ರವರಿ 15ರಂದು ಶ್ರೀಹರಿಕೋಟಾದಿಂದ ಒಂದೇ ಪಿಎಸ್‌ಎಲ್‌ವಿಯಲ್ಲಿ 104 ಉಪಗ್ರಹ ಹೋದವು.

ವರ್ನ್ ಪುಸ್ತಕದ ಓದುಗ ಇವರೊಬ್ಬರೇ ಅಲ್ಲ. ಟ್ರಾನ್ಸಿಲ್ವೇನಿಯಾದಲ್ಲಿ ಬೆಳೆದ ಹರ್ಮನ್ ಓಬರ್ತ್ ಹುಡುಗನಾಗಿದ್ದಾಗ ಅದನ್ನೇ ಬಾಯಿಪಾಠ ಆಗುವಷ್ಟು ಓದಿ, ಪ್ರಯಾಣಿಕರು ಅಪ್ಪಚ್ಚಿಯಾಗ್ತಾರೆ ಅಂತ ಅದೇ ಲೆಕ್ಕಕ್ಕೆ ಬಂದು ಮುಟ್ಟಿದ. ದೊಡ್ಡವನಾಗಿ 1923ರಲ್ಲಿ ರಾಕೆಟ್ ಬಗ್ಗೆ ಪುಸ್ತಕ ಬರೆದ, ಅದು ಜರ್ಮನಿಯಲ್ಲಿ ಸದ್ದು ಮಾಡಿತು. ಆಗ ರಷ್ಯಾಗೆ ನಮ್ಮಲ್ಲೂ ಒಬ್ಬರಿದ್ದಾರಲ್ಲ ಅಂತ ಜ್ಞಾಪಕ ಬಂತು. ಕಲೂಗಕ್ಕೆ ಪತ್ರಗಳು ಬರತೊಡಗಿದವು, ಓಬರ್ತ್ ಕೂಡ ಬರೆದ. ಮೇಷ್ಟ್ರಿಗೆ ಆಗಲೇ 70 ದಾಟಿತ್ತು. ಆ ವಯಸ್ಸಿನಲ್ಲಿ, 1929ರಲ್ಲಿ, ರಾಕೆಟ್ ರೈಲಿನ ಲೇಖನ ಬರೆದರು. ಒಂದರ ಹಿಂದೆ ಒಂದು ಉರಿದು ಕಳಚಿಕೊಳ್ಳುವ ಹಂತಗಳು, ಆ ನಿರ್ದಯಿ ಲಾಗ್‌ಗೆ ಅವರೇ ಕಂಡುಕೊಂಡ ಉಪಾಯ.

ಅವರ ಎಲ್ಲ ಬರಹವನ್ನೂ ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ತತ್ವಶಾಸ್ತ್ರದ ಕಿರುಪುಸ್ತಕಗಳಲ್ಲಿ, ನೋವು ತಿನ್ನುವ ಅಪೂರ್ಣ ಜೀವಗಳೇ ಹುಟ್ಟದ ಹಾಗೆ ಮಾಡಬೇಕು ಅನ್ನುವಂಥ ಮಾತುಗಳಿವೆ. ಕಿವಿ ಕೇಳದ, ಮಗನನ್ನು ಕಳಕೊಂಡ ಮನುಷ್ಯ ಇದನ್ನು ಹೇಗೆ ಬರೆದರು ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊನೆಯ ಕೆಲಸ ಒಂದು ಸಿನಿಮಾ. ಚಂದ್ರಯಾನದ ಚಿತ್ರ ಮಾಡಹೊರಟ ನಿರ್ದೇಶಕ ಜುರಾವ್ಲ್ಯೊವ್‌ಗೆ ಸಲಹೆಗಾರರಾಗಿ, ತೂಕವಿಲ್ಲದ ಮನುಷ್ಯರು ಹೇಗೆ ತೇಲ್ತಾರೆ ಅಂತ ಪುಟಗಟ್ಟಲೆ ಚಿತ್ರ ಬರೆದುಕೊಟ್ಟರು. ಚಿತ್ರ 1936ರಲ್ಲಿ ತೆರೆಗೆ ಬಂತು. ಮೇಷ್ಟ್ರು ಅದನ್ನು ನೋಡಲಿಲ್ಲ. 1935ರ ಸೆಪ್ಟೆಂಬರ್ 19ರಂದು, 78 ತುಂಬಿದ ಎರಡೇ ದಿನಕ್ಕೆ, ಹೊಟ್ಟೆಯ ಕ್ಯಾನ್ಸರ್‌ನಿಂದ ಕಲೂಗದಲ್ಲೇ ತೀರಿಕೊಂಡರು. ಅವರ ನೂರನೇ ಹುಟ್ಟುಹಬ್ಬ ಕಳೆದು ಮೂರು ವಾರ ಆಗುವ ಮೊದಲೇ, 1957ರ ಅಕ್ಟೋಬರ್ 4ರಂದು, ಸ್ಪುಟ್ನಿಕ್ ಹಾರಿತು. ಮುದ್ದೇನಹಳ್ಳಿಯ ಸರ್ ಎಂ.ವಿ. ಅದನ್ನೂ, ಆಮೇಲೆ ಗಗಾರಿನ್ ಹೋಗಿ ಬಂದದ್ದನ್ನೂ ನೋಡಿ ಹೋದರು.

1959ರಲ್ಲಿ ಲೂನಾ 3 ಚಂದ್ರನ ಹಿಂಬದಿಯ ಫೋಟೋ ಮೊದಲ ಸಲ ತೆಗೆಯಿತು. ಅಲ್ಲಿ ಕಪ್ಪು ತಳದ ಒಂದು ದೊಡ್ಡ ಕುಳಿ ಎದ್ದು ಕಾಣುತ್ತೆ, ಅದಕ್ಕೆ ಮೇಷ್ಟ್ರ ಹೆಸರು. ಅದೇ ದಕ್ಷಿಣಾರ್ಧದಲ್ಲಿ, ಬಹಳ ದೂರವೇನಲ್ಲ, ಇನ್ನೊಂದು ಕುಳಿಗೆ ಜೂಲ್ಸ್ ವರ್ನ್ ಹೆಸರು. ಮಂಡಿಕಲ್ ಕೆರೆ ಏರಿ ಮೇಲೆ ನಿಂತು ಎಷ್ಟು ಹೊತ್ತು ಹುಣ್ಣಿಮೆ ನೋಡಿದರೂ ಎರಡೂ ಕಾಣಲ್ಲ, ಅವಿರೋದು ಆ ಕಡೆ ಮುಖದಲ್ಲಿ.