ಕಡಲಿಗೆ ಕಟ್ಟಿದ ಒಡ್ಡು

ಜಪಾನ್ ದೇಶದ ಕಡಲಂಚಿನಲ್ಲಿ, ಇಂದಿನ ವಕಯಾಮ ಪ್ರಾಂತದಲ್ಲಿ, ಹಿರೊ ಎಂಬ ಹಳ್ಳಿಯಿತ್ತು. ಹಮಗುಚಿ ಗೊರಿಯೊ 1820ರಲ್ಲಿ ಜನಿಸಿದುದು ಅಲ್ಲಿಯೇ. ಜಪಾನೀಯರ ನಿತ್ಯದ ಅಡುಗೆಗೆ ಬೇಕಾದ ಸೋಯಾ ಸಾಸನ್ನು ತಯಾರಿಸಿ ಮಾರುವ ಸಿರಿವಂತ ಮನೆತನ ಅವನದು.

1854ರ ಡಿಸೆಂಬರ್ 24ರಂದು ಇಳಿಹೊತ್ತಿನಲ್ಲಿ ಭೂಮಿಯು ಭಯಂಕರವಾಗಿ ನಡುಗಿತು. ಅದರ ಬೆನ್ನಿಗೇ ಸುನಾಮಿಯ ಅಲೆಗಳು ಹಳ್ಳಿಯ ಮೇಲೆ ಎರಗಿದವು. ಗೊರಿಯೊ ಕೂಡ ನೀರಿನ ಸೆಳೆತಕ್ಕೆ ಸಿಕ್ಕಿ, ಹೇಗೋ ಪಾರಾಗಿ ಎತ್ತರದ ನೆಲವನ್ನು ಸೇರಿದನು. ಅಷ್ಟರಲ್ಲಿ ಕತ್ತಲು ಕವಿಯಿತು. ದಾರಿ ಕಾಣದ ಹಲವರು ಇನ್ನೂ ಕೆಳಗೆ ತೊಳಲುತ್ತಿದ್ದರು. ಆಗ ಅವನು ಗದ್ದೆಗಳಲ್ಲಿ ಒಟ್ಟಿದ್ದ ಭತ್ತದ ಹುಲ್ಲಿನ ಮೆದೆಗಳಿಗೆ ಬೆಂಕಿ ಹಚ್ಚಿಸಿದನು. ಆ ಬೆಳಕಿನಲ್ಲಿ ದಾರಿ ಹಿಡಿದು ಜನರು ಎತ್ತರದಲ್ಲಿದ್ದ ದೇವಾಲಯವನ್ನು ಸೇರಿಕೊಂಡರು. ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲಕ್ಕಿಂತ ದೊಡ್ಡ ಅಲೆ ಬಂದು, ಉರಿಯುತ್ತಿದ್ದ ಮೆದೆಗಳನ್ನೂ ಕೊಚ್ಚಿಕೊಂಡು ಹೋಯಿತು. ಸುಮಾರು 1,300 ಜನರಿದ್ದ ಹಳ್ಳಿಯಲ್ಲಿ ಮಡಿದವರು ಸುಮಾರು 30 ಮಂದಿ.

ಈ ಪ್ರಸಂಗವನ್ನು ಲಾಫ್ಕಾಡಿಯೊ ಹರ್ನ್ ಎಂಬ ಲೇಖಕನು 1897ರಲ್ಲಿ ಕಥೆಯಾಗಿ ಬರೆದನು. ಮುಂದೆ ಅದು ಜಪಾನಿನ ಶಾಲಾಪಠ್ಯಗಳಲ್ಲಿಯೂ ಸೇರಿತು. ಕಥೆಯ ನಾಯಕನು ಗುಡ್ಡದ ಮೇಲೆ ವಾಸಿಸುವ ಮುದುಕ. ನಿಜವಾದ ಗೊರಿಯೊಗಾದರೋ ಆಗ ಮೂವತ್ತನಾಲ್ಕು ವರ್ಷ. ಕಥೆಗೆ ಬೆಂಕಿಯೇ ಮುಖ್ಯ. ಆದರೆ ಅವನ ಬಾಳಿನ ಹಿರಿಯ ಕಾರ್ಯವು ಅದರ ಅನಂತರದ್ದು ಎನ್ನಬೇಕು.

ಪ್ರಾಣ ಉಳಿದರೂ ಬದುಕು ಉಳಿದಿರಲಿಲ್ಲ. ಮನೆಗಳು, ದೋಣಿಗಳು, ದವಸ ಎಲ್ಲವೂ ನೀರುಪಾಲಾಗಿದ್ದವು. ಗೊರಿಯೊ ಆ ರಾತ್ರಿಯೇ ನೆರೆಯ ಹಳ್ಳಿಯಿಂದ ಅಕ್ಕಿಯನ್ನು ಕಡ ತಂದು ಜನರ ಹಸಿವನ್ನು ಹಿಂಗಿಸಿದನು. ಬಳಿಕ ಮನೆಗಳನ್ನು ಕಟ್ಟಿಸಿದನು. ಬೇಸಾಯದ ಉಪಕರಣಗಳನ್ನೂ ದೋಣಿಗಳನ್ನೂ ಒದಗಿಸಿದನು. ಆದರೂ ಕಡಲಿಗೆ ಅಂಜಿ, ಕೆಲಸವಿಲ್ಲದೆ, ಜನರು ಊರು ಬಿಡತೊಡಗಿದರು. ಬರಿಯ ದಾನದಿಂದ ಅವರನ್ನು ಎಷ್ಟು ಕಾಲ ಹಿಡಿದು ನಿಲ್ಲಿಸಲಾದೀತು?

ಆದುದರಿಂದ ಕಡಲಿಗೆ ಅಡ್ಡಲಾಗಿ ಒಂದು ಮಣ್ಣಿನ ಒಡ್ಡನ್ನು ಕಟ್ಟಲು ಅವನು ನಿಶ್ಚಯಿಸಿದನು. 1855ರಲ್ಲಿ ಕೆಲಸ ಮೊದಲಾಯಿತು. ದಿನವೊಂದಕ್ಕೆ ನಾನೂರು ಐನೂರು ಮಂದಿ ಮಣ್ಣು ಹೊತ್ತರು. ಹೆಂಗಸರೂ ದುಡಿದರು. ಕೂಲಿಯನ್ನು ಗೊರಿಯೊ ತನ್ನ ಕೈಯಿಂದಲೇ ಕೊಟ್ಟನು. ಮುಂದಿನ ಅಲೆಯನ್ನು ತಡೆಯುವ ಒಡ್ಡೇ ಹಿಂದಿನ ಅಲೆಯಿಂದ ನೊಂದವರಿಗೆ ಅನ್ನವನ್ನೂ ನೀಡಿತು. ನಾಲ್ಕು ವರ್ಷಗಳ ದುಡಿಮೆಯಿಂದ, 1858ರ ಹೊತ್ತಿಗೆ, ಸುಮಾರು 600 ಮೀಟರ್ ಉದ್ದದ, 5 ಮೀಟರ್ ಎತ್ತರದ ಒಡ್ಡು ಮೇಲೆದ್ದಿತು. ಕಡಲ ಕಡೆಗೆ ಪೈನ್ ಮರಗಳನ್ನು ನೆಡಲಾಯಿತು. ಊರು ಬಿಡಲಿದ್ದವರು ಊರಿನಲ್ಲಿಯೇ ಉಳಿದರು.

ಗೊರಿಯೊ 1885ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ನ್ಯೂಯಾರ್ಕ್ ನಗರದಲ್ಲಿ ಕಾಲವಾದನು. ತನ್ನ ಒಡ್ಡಿಗೆ ದೊಡ್ಡ ಅಲೆ ಬಂದು ಬಡಿದುದನ್ನು ಅವನು ಕಾಣಲಿಲ್ಲ. ಅದು ಬಂದುದು 1946ರ ಡಿಸೆಂಬರಿನಲ್ಲಿ. ಆ ಮುಂಜಾವಿನಲ್ಲಿ ನೆಲ ನಡುಗಿತು, ಕಡಲು ಉಕ್ಕಿತು. ಒಡ್ಡಿನ ಹಿಂದೆ ಇದ್ದ ಮನೆಗಳಲ್ಲಿ ಬಹುಪಾಲು ಸುರಕ್ಷಿತವಾಗಿ ಉಳಿದವು.